ನೂರ ಐವತ್ತೇಳರ ತ್ರಿಕೋನ

ತೊಂಡೆಸೊಪ್ಪಿನ ಹಸಿ ವಾಸನೆ ಓಣಿಯ ತಿರುವಿನಲ್ಲೇ ಮೂಗಿಗೆ ಬಡಿದಾಗ ಉಚ್ಚಂಗಮ್ಮ ನಡಿಗೆಯನ್ನು ಇನ್ನಷ್ಟು ಬಿರುಸು ಮಾಡಿದಳು. ಎಲೆಯನ್ನು ಇದ್ದಿಲ ಪುಡಿಯ ಜೊತೆ ಅರೆದು ಕಪ್ಪುಹಲಗೆಗೆ ತಿಕ್ಕಿದಾಗ ಬರುವ ವಾಸನೆ ಅದು. ಸ್ವಲ್ಪ ಒಗರು, ಸ್ವಲ್ಪ ನೀರು ಬಿದ್ದ ಒಲೆಬೂದಿಯಂಥದ್ದು. ಹುಡುಗಿಯಾಗಿದ್ದಾಗಿನಿಂದ ಅವಳಿಗೆ ಆ ವಾಸನೆ ಎಂದರೆ ಭಾನುವಾರ, ಭಾನುವಾರ ಎಂದರೆ ದಾಕ್ಷಾಯಣಮ್ಮ ಟೀಚರು. ಹಲಗೆ ತಿಕ್ಕಿಸಿ ಇಟ್ಟಿದ್ದಾರೆ ಎಂದರೆ ತಾನು ಹೇಳಿ ಕಳಿಸಿದ ಮಾತು ತಲುಪಿದೆ. ಟೀಚರು ಕಾದಿದ್ದಾರೆ.

ಅವಳ ಬಾಯಲ್ಲಿ ಅಂಕಿಗಳು ಓಡುತ್ತಲೇ ಇದ್ದವು. ಕಡೂರಿನಲ್ಲಿ ರೈಲು ಹತ್ತಿದಾಗಿನಿಂದ ಅದೇ ಜಪ. ನಾಲ್ಕು ಒಂದು ಒಂದು, ಮೂರು ನಾಲ್ಕು ಸೊನ್ನೆ, ಐದು ಒಂದು ಒಂಬತ್ತು... ಬೀರೂರಿನಲ್ಲಿ ಗಾಡಿ ನಿಂತಾಗ ಎದುರಿಗೆ ಕೂತಿದ್ದ ಮುದುಕ, "ಇದ್ಯಾವ ಸ್ತೋತ್ರ ಕಣವ್ವ? ಆಗ್ಲಿಂದ ಕೇಳ್ತಾ ಇದೀನಿ, ಒಂದು ದೇವ್ರ ಹೆಸ್ರೂ ಬರ್ಲಿಲ್ಲ" ಎಂದಿದ್ದ. ಅವಳಿಗೆ ನಗು ಬಂದು, ಎಲ್ಲಿಗೆ ಬಂದಿದ್ದೆ ಎನ್ನುವುದು ಮರೆತು, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಹಿತ್ತಿಲ ಕಡೆಯಿಂದಲೇ ಒಳಗೆ ಬಂದಳು. ಈ ಮನೆಗೆ ಅವಳ ಕಾಲಿಗೆ ಗೊತ್ತಿದ್ದ ದಾರಿ ಅದೊಂದೇ. ಟೀಚರ ತಾಯಿ ಕಲ್ಲಮ್ಮ ಬದುಕಿದ್ದಾಗ ಉಚ್ಚಂಗಮ್ಮನ ಕೇರಿಯ ಮಕ್ಕಳು ಮುಂಬಾಗಿಲಿಗೆ ಬರುವಂತಿರಲಿಲ್ಲ. ಕಲ್ಲಮ್ಮ ತೀರಿಕೊಂಡು ವರ್ಷಗಳಾಗಿದ್ದವು. "ಕಾಲೇಜಲ್ಲಿ ಪಾಠ ಹೇಳೋಳು, ಇನ್ನೂ ಹಿತ್ತಿಲಿಂದ ಬರ್ತೀಯಲ್ಲೇ" ಎಂದು ಟೀಚರು ಗದರಿಯೂ ಆಗಿತ್ತು. ಕಾಲು ಮಾತ್ರ ಕೇಳುತ್ತಿರಲಿಲ್ಲ.

ಹಿತ್ತಿಲ ಜಗಲಿಯ ಗೋಡೆಯ ಮೇಲೆ ಹಲಗೆ ಕಪ್ಪಗೆ ಹೊಳೆಯುತ್ತಿತ್ತು. ಒಂದು ಗೆರೆಯೂ ಇರಲಿಲ್ಲ. ಸೀಮೆಸುಣ್ಣದ ಡಬ್ಬಿ ಅದರ ಜಾಗದಲ್ಲಿತ್ತು. ಟೀಚರ ಬೆತ್ತದ ಕುರ್ಚಿ ಖಾಲಿ.

ಆಗ ಮುಂದಿನ ಅಂಗಳದಿಂದ ಶಂಖದ ದನಿ ಕೇಳಿಸಿತು. ಅದರ ಹಿಂದೆಯೇ ಜಾಗಟೆ.

ಉಚ್ಚಂಗಮ್ಮ ಪಕ್ಕದ ಸಂದಿಯಿಂದ ಮುಂದಕ್ಕೆ ಓಡಿದಳು. ಬಾಗಿಲ ಮುಂದೆ ಚಪ್ಪಲಿಗಳು ರಾಶಿ ಬಿದ್ದಿದ್ದವು. ಗುಂಪಿನಿಂದ ಕರಿಬಸಮ್ಮ ಬಂದು ಅವಳ ರಟ್ಟೆ ಹಿಡಿದುಕೊಂಡಳು. ಒಂಬತ್ತನೇ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು. ಈಗ ಅಜ್ಜಂಪುರದಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ.

"ಬಂದ್ಬಿಟ್ಯಾ! ಇನ್ನೂ ಕಡೂರಿಗೆ ಯಾರನ್ನ ಕಳ್ಸೋದು ಅಂತ ಮಾತಾಡ್ತಾ ಇದ್ವಿ. ನಿಂಗೆ ಯಾರು ಹೇಳಿದ್ರೇ?"

"ಯಾರೂ ಹೇಳಿಲ್ಲ. ನಾನೇ ಬಂದೆ. ಟೀಚರನ್ನ ನೋಡೋಕೆ."

ಕರಿಬಸಮ್ಮನ ಮುಖ ಮುದುಡಿಹೋಯಿತು. "ಬೆಳಗಿನ ಜಾವ ಹೋಗ್ಬಿಟ್ರು ಕಣೆ. ನೀರು ಕೊಡು ಅಂದ್ರಂತೆ. ಕಾಶಕ್ಕ ಚೆಂಬು ಹಿಡ್ಕಂಡು ಬರೋ ಹೊತ್ಗೆ ಆಗ್ಹೋಗಿತ್ತು."

ಉಚ್ಚಂಗಮ್ಮನ ನಾಲಗೆಯ ತುದಿಯಲ್ಲಿದ್ದ ಅಂಕಿಗಳು ಇದ್ದಲ್ಲೇ ನಿಂತುಕೊಂಡವು.

ನಡುಮನೆಯಲ್ಲಿ ಗೋಡೆಗೆ ಒರಗಿಸಿ ಟೀಚರನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ, ಮಡಿಲಲ್ಲಿ ಪತ್ರೆ. ಪರೀಕ್ಷೆಯ ಹಾಲಿನಲ್ಲಿ ಮೇಲ್ವಿಚಾರಣೆಗೆ ಕೂತಾಗ ಕಣ್ಣು ಮುಚ್ಚುತ್ತಿದ್ದಂತೆಯೇ ಕಣ್ಣು ಮುಚ್ಚಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದು ಯಾರಾದರೂ ಕಾಪಿ ಹೊಡೆಯಲು ಹೊರಟರೆ, "ನಾಲ್ಕನೇ ಸಾಲು, ಕತ್ತು ನೇರ" ಎನ್ನುತ್ತಿದ್ದರು.

ಪಕ್ಕದಲ್ಲಿ ಕಾಶಮ್ಮ ಕೂತಿದ್ದರು. ಟೀಚರ ತಮ್ಮ ಸೋಮಶೇಖರಪ್ಪನ ಹೆಂಡತಿ. ಅವರು ತಲೆಯೆತ್ತಿ ಉಚ್ಚಂಗಮ್ಮನನ್ನು ನೋಡಿದರು, ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿದರು. ಉಚ್ಚಂಗಮ್ಮ ಕೂತಳು.

*

ಸಾವಿರದ ಒಂಬೈನೂರ ಎಪ್ಪತ್ತೊಂದನೆಯ ಇಸವಿ. ಶಾಲೆ ಶುರುವಾದ ವಾರ. ಒಂಬತ್ತನೇ ಕ್ಲಾಸಿನ ಹುಡುಗಿಯರ ಮುಂದೆ ನಿಂತು ದಾಕ್ಷಾಯಣಮ್ಮ ಟೀಚರು ಹೇಳಿದ್ದರು:

"ನಿಮ್ಮ ಹೆಸರನ್ನ ನಿಮ್ಮ ಅಪ್ಪ ಅಮ್ಮ ಇಟ್ಟಿದ್ದಾರೆ. ಒಂದು ಸಂಖ್ಯೆ ನೀವೇ ಇಟ್ಕೊಳ್ಳಿ. ಇವತ್ತಿಂದ ನನ್ನ ಕ್ಲಾಸಲ್ಲಿ ಹಾಜರಿ ಅದರಲ್ಲೇ."

ಆಮೇಲೆ ಆಟದ ನಿಯಮ. ಒಂದು ಲಂಬಕೋನ ತ್ರಿಕೋನ ಹುಡುಕಬೇಕು. ಮೂರು ಬಾಹುಗಳೂ ಪೂರ್ಣಾಂಕವೋ ಭಿನ್ನರಾಶಿಯೋ ಆಗಿರಬೇಕು. ವರ್ಗಮೂಲದ ಚಿಹ್ನೆ ಎಲ್ಲೂ ತಲೆ ಹಾಕಕೂಡದು. ತ್ರಿಕೋನದ ವಿಸ್ತೀರ್ಣ ನೀವು ಆರಿಸಿಕೊಂಡ ಸಂಖ್ಯೆಯೇ ಆಗಬೇಕು. ಇಷ್ಟೇ.

ಹುಲಿಗೆಮ್ಮ ಆರು ಎಂದಳು. ಟೀಚರು ಮೂರು, ನಾಲ್ಕು, ಐದು ಬಾಹುಗಳ ತ್ರಿಕೋನ ಬರೆದು, "ಮುಗೀತು ನಿಂದು. ಅದೃಷ್ಟವಂತೆ" ಎಂದರು. ಚಿಕ್ಕ ಸಂಖ್ಯೆಯಾದರೆ ಸುಲಭ ಎಂದುಕೊಂಡ ಕರಿಬಸಮ್ಮ ಮೂರು ಎಂದಳು. ಟೀಚರು ಮುಖದಲ್ಲಿ ಏನನ್ನೂ ತೋರಿಸದೆ ಬರೆದುಕೊಂಡರು. ದಸರಾ ರಜೆ ಕಳೆದು ಬಂದ ಮೇಲೆ ಕರಿಬಸಮ್ಮ ಅತ್ತಾಗ ಹತ್ತಿರ ಕರೆದು, "ಮೂರಕ್ಕೆ ತ್ರಿಕೋನ ಇಲ್ಲ ಕಣೆ. ಇಲ್ಲ ಅಂತ ಗೊತ್ತಾಗೋದೂ ಒಂದು ಉತ್ತರವೇ. ಅದು ಆರರ ಉತ್ತರಕ್ಕಿಂತ ದೊಡ್ಡದು" ಎಂದು ಕಣ್ಣೊರೆಸಿದರು. ಯಾಕೆ ಇಲ್ಲ ಎನ್ನುವುದನ್ನು ಬಿಡಿಸಿ ಹೇಳಲು ಅವರು ಮೂರು ದಿನ ತೆಗೆದುಕೊಂಡರು.

ಉಚ್ಚಂಗಮ್ಮನ ಸರದಿ ಬಂದಾಗ ಅವಳಿಗೆ ಹೊಳೆದದ್ದು ಒಂದು ಕಂಬ. ಅವಳ ಅಪ್ಪ ಚೌಡಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅವನಿಗೆ ಬುತ್ತಿ ಕೊಡಲು ಹೋಗುವಾಗ ಲೈನಿನ ಪಕ್ಕದ ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಸಂಖ್ಯೆಯನ್ನೇ ಹೇಳಿದಳು.

"ನೂರ ಐವತ್ತೇಳು."

ಕ್ಲಾಸು ಗೊಳ್ಳೆಂದಿತು. ಟೀಚರು ನಗಲಿಲ್ಲ. ಕಣ್ಣು ಮುಚ್ಚಿ ತೆರೆದರು. "ಎಂಟರಿಂದ ಭಾಗಿಸಿದ್ರೆ ಐದು ಉಳಿಯುತ್ತೆ. ಹಾಗಿದ್ರೆ ಇರಬೇಕು."

ಐದು, ಆರು, ಏಳು. ಎಂಟರಿಂದ ಭಾಗಿಸಿದಾಗ ಈ ಮೂರರಲ್ಲಿ ಯಾವುದಾದರೊಂದು ಉಳಿಯುವ ಸಂಖ್ಯೆಗೆ ತ್ರಿಕೋನ ಇದ್ದೇ ಇರುತ್ತದೆ ಎನ್ನುವುದು ಲೆಕ್ಕ ಮಾಡಿ ನೋಡಿದವರಿಗೆಲ್ಲ ಕಂಡಿತ್ತು. ಆದರೆ ಯಾವಾಗಲೂ ಹಾಗೆಯೇ ಎಂದು ಸಾಧಿಸಿ ತೋರಿಸಿದವರು ಯಾರೂ ಇರಲಿಲ್ಲ. ಮೈಸೂರಿನಲ್ಲಿ ಸಂಶೋಧನೆಗೆ ಸೇರಿದ್ದಾಗ ಟೀಚರಿಗೆ ಹಿಡಿದ ಪ್ರಶ್ನೆ ಅದು. ತಂದೆಗೆ ಪಾರ್ಶ್ವವಾಯು ಬಡಿದು, ತಮ್ಮ ತಂಗಿಯರು ಇನ್ನೂ ಸಣ್ಣವರಿದ್ದಾಗ, ಎರಡನೇ ವರ್ಷಕ್ಕೇ ಅಜ್ಜಂಪುರಕ್ಕೆ ವಾಪಸು ಬಂದಿದ್ದರು. ಪ್ರಶ್ನೆಯನ್ನೂ ಜೊತೆಗೆ ತಂದಿದ್ದರು.

"ಬಿಟ್ಟು ಬಂದಿದ್ದಕ್ಕೆ ಬೇಜಾರಾಗಲ್ವಾ ಟೀಚರ್?" ಎಂದು ಉಚ್ಚಂಗಮ್ಮ ಒಮ್ಮೆ ಕೇಳಿದ್ದಳು.

"ಸಂಖ್ಯೆಗಳೇನು ಮೈಸೂರಲ್ಲಿ ಮಾತ್ರ ಇರ್ತಾವಾ?" ಎಂದಿದ್ದರು ಟೀಚರು. ಆಮೇಲೆ ಇಡೀ ಕ್ಲಾಸಿಗೆ ಕೇಳುವಂತೆ, "ಇದಕ್ಕೆ ಉತ್ತರ ಅಜ್ಜಂಪುರದವರಿಗೂ ಗೊತ್ತಿಲ್ಲ, ಅಮೇರಿಕದವರಿಗೂ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ನಾವೂ ಅವರೂ ಒಂದೇ" ಎಂದಿದ್ದರು. ಆ ದಿನ ಮನೆಗೆ ಹೋಗುವಾಗ ಹುಡುಗಿಯರೆಲ್ಲ ಸ್ವಲ್ಪ ಎತ್ತರವಾದಂತೆ ನಡೆದಿದ್ದರು.

*

ಅಂಗಳದ ಚಪ್ಪರದ ಕೆಳಗೆ ಜನ ಗುಂಪುಗುಂಪಾಗಿ ಕೂತಿದ್ದರು. ಮಠದ ಅಯ್ಯನವರಾದ ಗಂಗಾಧರಯ್ಯನವರು ತೆಂಗಿನ ಗರಿಯ ಕಡ್ಡಿಯೊಂದನ್ನು ಟೀಚರ ಪಾದದ ಉದ್ದಕ್ಕೆ ಮುರಿದು ಸೋಮಶೇಖರಪ್ಪನ ಕೈಗೆ ಕೊಟ್ಟರು. ಸತ್ತವರ ಪಾದದಿಂದಲೇ ಗುಂಡಿಯ ಅಳತೆ ಹಿಡಿಯುವುದು ಪದ್ಧತಿ.

"ಗುಂಡಿ ತೋಡೋರಿಗೆ ಇದನ್ನ ಕೊಡಪ್ಪ. ಒಂದು ಪಕ್ಕಕ್ಕೆ ಕೂರ್ಸೋ ಗೂಡು ಐತಲ್ಲ, ಅದು ಮುಕ್ಕೋನ ಇರ್ಬೇಕು ಅಂತ ನೆಪ್ಪು ಮಾಡು."

ಕರಿಬಸಮ್ಮ ಉಚ್ಚಂಗಮ್ಮನ ಕಿವಿಯ ಹತ್ತಿರ ಬಾಗಿದಳು. "ಮುಕ್ಕೋನ ಅಂತೆ ಕಣೆ. ಟೀಚರು ಕೇಳಿಸ್ಕಂಡಿದ್ರೆ, ವಿಸ್ತೀರ್ಣ ಎಷ್ಟು ಬರುತ್ತೆ ಹೇಳೇ ಅಂತಿದ್ರು."

ಇಬ್ಬರೂ ನಕ್ಕರು. ನಕ್ಕಿದ್ದೇ ತಡ ಇಬ್ಬರಿಗೂ ಅಳು ಬಂತು. ಹುಲಿಗೆಮ್ಮ ತರೀಕೆರೆಯಿಂದ ಬಂದಿಳಿದವಳು ಹಿಂದಿನಿಂದ ತನ್ನ ಸೆರಗಿನಲ್ಲೇ ಇಬ್ಬರ ಮುಖವನ್ನೂ ಒರೆಸಿದಳು. "ನನ್ನ ಮಗಳು ಕೇಳ್ತಾಳೆ, ನಿನ್ನ ನಂಬರ್ ಯಾವ್ದಮ್ಮ ಅಂತ. ಆರು ಅಂದ್ರೆ, ಥೂ, ಅಷ್ಟು ಸುಲಭದ್ದಾ ಅಂತಾಳೆ. ಇವತ್ತಿಗೂ ನಾಚ್ಕೆ ಆಗುತ್ತೆ ಕಣ್ರೇ."

"ನಿಂಗೆ ನಾಚ್ಕೆ. ನಂಗೆ ಮೂರು ತಿಂಗಳು ಜ್ವರ" ಎಂದಳು ಕರಿಬಸಮ್ಮ.

ಪಕ್ಕದ ಬೆಂಚಿನಿಂದ ಶಿವಮೂರ್ತಪ್ಪ ಇತ್ತ ತಿರುಗಿದರು. ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು, ಟೀಚರ ಸೋದರಮಾವನ ಮಗ. ಒಂದು ಕಾಲದಲ್ಲಿ ಅವರಿಗೇ ಟೀಚರನ್ನು ಕೊಡುವ ಮಾತು ನಡೆದು ಮುರಿದಿತ್ತು ಎನ್ನುವುದು ಊರಿಗೆಲ್ಲ ಗೊತ್ತು.

"ಏನಮ್ಮ ನೂರ ಐವತ್ತೇಳು," ಎಂದರು ಉಚ್ಚಂಗಮ್ಮನಿಗೆ. "ಸಿಕ್ತಾ ನಿನ್ನ ತ್ರಿಕೋನ?"

ಉಚ್ಚಂಗಮ್ಮ ಒಳಗೆ, ಟೀಚರನ್ನು ಕೂರಿಸಿದ್ದ ಕಡೆ ನೋಡಿದಳು.

"ಸಿಗಲ್ಲ ಕಣವ್ವ. ನಂಗೆ ಆಗ್ಲೇ ಗೊತ್ತಿತ್ತು. ದಾಕ್ಷಾಯಣಿಗೆ ಹೇಳಿದ್ದೆ, ಆ ಹುಡುಗಿಗೆ ಯಾಕೆ ಇಲ್ಲದ್ದನ್ನ ಹುಡುಕೋಕೆ ಹಚ್ಚಿದೀಯ, ಬೇರೆ ಕೊಡು ಅಂತ. ಕೇಳಿದ್ರೆ ತಾನೆ? ಇದ್ದೇ ಇದೆ ಅಂತ ಒಂದೇ ಹಟ. ಅವಳ ಬಾಳೆಲ್ಲ ಹಂಗೇ ಕಳೀತು, ಇಲ್ಲದ್ದನ್ನ ಇದೆ ಅನ್ಕಂಡು."

"ಏ ಮಾವ," ಎಂದಳು ಕರಿಬಸಮ್ಮ ಮೆಲ್ಲಗೆ, ಆದರೆ ಬಿಡದೆ. "ನಿಮ್ಮ ಮಂಡಿ ಕಟ್ಟುವಾಗ ಮೂಲೆ ಸರಿ ಬರ್ಲಿಲ್ಲ ಅಂತ ಹಗ್ಗಕ್ಕೆ ಗಂಟು ಹಾಕಿ ಕೊಟ್ಟು, ಮೂರು, ನಾಕು, ಐದು ಹಿಡೀರಿ ಅಂದೋರು ಯಾರು?"

ಶಿವಮೂರ್ತಪ್ಪ ಗಂಟಲು ಸರಿಮಾಡಿಕೊಂಡರು. "ಅದು ಸರಿ. ಮೂಲೆ ಇವತ್ತಿಗೂ ಒಂದು ಕೂದ್ಲಷ್ಟು ಆ ಕಡೆ ಈ ಕಡೆ ಆಗಿಲ್ಲ. ನಾನು ಹೇಳಿದ್ದು ಅದಲ್ಲ." ಆಮೇಲೆ, ಯಾರಿಗೂ ಅಲ್ಲ ಎನ್ನುವಂತೆ, "ಮೇಷ್ಟ್ರಾಗಿ ಒಳ್ಳೇಳೇ" ಎಂದರು.

ಸಿಕ್ಕಿದೆ ಎಂದು ಉಚ್ಚಂಗಮ್ಮ ಆಗಲೇ ಹೇಳಬಹುದಿತ್ತು. ಟೀಚರ ಮಾತು ನಿಜವಾಯಿತು ಎಂದು ಚಪ್ಪರದ ಕೆಳಗೆ ಎಲ್ಲರಿಗೂ ಕೇಳುವಂತೆ ಕೂಗಬಹುದಿತ್ತು. ಆದರೆ ಆ ಮಾತು ಮೊದಲು ಸೇರಬೇಕಾದದ್ದು ಒಂದೇ ಕಿವಿಗೆ. ಆ ಕಿವಿ ಒಳಗೆ, ಗೋಡೆಗೆ ಒರಗಿ, ಹೂವಿನ ಹಾರದ ಮೇಲೆ ಇತ್ತು. ಟೀಚರು ಅದು ಗೊತ್ತಾಗದೆಯೇ ಹೋಗಿದ್ದರು.

*

ಭಾನುವಾರಗಳಂದು ಟೀಚರು ಅವಳನ್ನು ಮನೆಗೆ ಬರಹೇಳುತ್ತಿದ್ದರು. ಶಾಲೆಯವರು ಬೇಡವೆಂದು ಹೊರಗಿಟ್ಟ ಹಲಗೆಯನ್ನು ಗಾಡಿಯಲ್ಲಿ ತಂದು ಹಿತ್ತಿಲ ಜಗಲಿಗೆ ಹೊಡೆಸಿದ್ದರು. ಅದಕ್ಕೆ ತೊಂಡೆಸೊಪ್ಪು ತಿಕ್ಕುವ ಕೆಲಸ ಕಾಶಮ್ಮನದು. ಬೇಲಿಯ ಮೇಲೆ ಬಳ್ಳಿ ಹಬ್ಬಿಸಿದವರೂ ಅವರೇ. ಅಕ್ಷರ ಕಲಿಯದ ಕಾಶಮ್ಮ ಹಲಗೆಯನ್ನು ಕನ್ನಡಿಯಂತೆ ತಿಕ್ಕಿ ಒಳಗೆ ಹೋಗುವರು. ಸಂಜೆ ಬಂದು, "ಸಿಕ್ತಾ ಅಕ್ಕ?" ಎಂದು ಒಂದೇ ಮಾತು ಕೇಳುವರು. "ಇಲ್ಲ ಕಣೆ ಕಾಶಿ" ಎಂದರೆ, ಸಾಲ ಕೇಳಿದವರಂತೆ ಸಂಕೋಚದಿಂದ ತಲೆಯಾಡಿಸಿ ಒಳಗೆ ಹೋಗುವರು.

ಆ ಹಲಗೆಯ ಮೇಲೆ ಟೀಚರು ಒಂದು ವಕ್ರರೇಖೆ ಎಳೆದು ತೋರಿಸಿದ್ದರು. ಎಡಕ್ಕೆ ಮೊಟ್ಟೆಯಂಥ ಒಂದು ತುಂಡು, ಬಲಕ್ಕೆ ಬಾಯಿ ತೆರೆದ ಚೀಲದಂಥ ಇನ್ನೊಂದು. ಎಲಿಪ್ಟಿಕ್ ಕರ್ವ್ ಎಂದು ಅದರ ಹೆಸರು. ಒಂದೊಂದು ಸಂಖ್ಯೆಗೂ ಅದರದೇ ಒಂದು ರೇಖೆ. ಮಧ್ಯದ ಗೆರೆಯ ಮೇಲೆ ಸುಮ್ಮನೆ ಬಿದ್ದಿರುವ ಮೂರು ಬಿಂದು ಬಿಟ್ಟು, ಭಿನ್ನರಾಶಿಯ ಬಿಂದು ಇನ್ನೊಂದು ಸಿಕ್ಕಿತೆಂದರೆ ತ್ರಿಕೋನ ಸಿಕ್ಕಂತೆಯೇ. ಒಂದು ಸಿಕ್ಕರೆ ಆಯಿತು, ಅದನ್ನು ಮುಟ್ಟಿಕೊಂಡು ಹೋಗುವ ಗೆರೆ ಎಳೆದರೆ ಅದು ಹೋಗಿ ರೇಖೆಯನ್ನು ಇನ್ನೊಂದು ಕಡೆ ಕಡಿಯುತ್ತದೆ. ಹಾಗೆಯೇ ಮತ್ತೊಂದು, ಮಗದೊಂದು, ಕೊನೆಯೇ ಇಲ್ಲ.

"ಮೊದಲನೇದು ಸಿಗೋದೇ ಕಷ್ಟ" ಎನ್ನುತ್ತಿದ್ದರು ಟೀಚರು. "ಆಮೇಲಿನವು ತಾವಾಗೇ ಬರ್ತಾವೆ."

ಒಂದು ಯುಗಾದಿಗೆ ಮುಂಬಾಗಿಲ ಮುಂದೆ ಅದೇ ರೇಖೆಯನ್ನು ರಂಗೋಲಿ ಬಿಟ್ಟಿದ್ದರು. ಪಕ್ಕದ ಮನೆಯ ತೀರ್ಥಮ್ಮ ಬಂದು ನೋಡಿ, "ಹಬ್ಬದ ದಿನ ಬದ್ನೆಕಾಯಿ ಯಾಕ್ರೀ ಬಿಟ್ಟಿದೀರಿ?" ಎಂದು ಕೇಳಿದ್ದರಂತೆ. ಅದನ್ನು ಟೀಚರು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಶಾಲೆಯಲ್ಲಿ ಮಧ್ಯಾಹ್ನದ ಹೊತ್ತು ಟೀಚರು ಎರಡು ಅಂತಸ್ತಿನ ಊಟದ ಕ್ಯಾರಿಯರ್ ಬಿಚ್ಚಿ ಉಚ್ಚಂಗಮ್ಮನನ್ನು ಕರೆಯುತ್ತಿದ್ದರು. ಮೇಲಿನ ಡಬ್ಬಿಯಲ್ಲಿ ಯಾವಾಗಲೂ ರಾಗಿರೊಟ್ಟಿ, ಅದರ ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿಪುಡಿ.

"ಹುಚ್ಚೆಳ್ಳು ತಿಂದ್ರೆ ನಂಗೆ ಕೆಮ್ಮು. ಕಾಶಿಗೆ ಎಷ್ಟು ಹೇಳಿದ್ರೂ ಮರೀತಾಳೆ ನೋಡು. ವಾಪಸ್ ತಗೊಂಡು ಹೋದ್ರೆ ಬೇಜಾರು ಮಾಡ್ಕೋತಾಳೆ. ಬಾ, ಇದನ್ನ ಮುಗಿಸಿಕೊಡು."

ಉಚ್ಚಂಗಮ್ಮ ಮುಗಿಸಿಕೊಡುತ್ತಿದ್ದಳು. ಡಬ್ಬಿಯ ಮೂಲೆಯಲ್ಲಿ ಉಳಿದ ಪುಡಿಯನ್ನೂ ಬೆರಳಿನಲ್ಲಿ ಒರೆಸಿ ನೆಕ್ಕುತ್ತಿದ್ದಳು. ಇಷ್ಟು ಮರೆಗುಳಿ ಹೆಂಗಸು ಮನೆ ಹೇಗೆ ನಡೆಸುತ್ತಾರೋ ಎಂದು ಕಾಶಮ್ಮನ ಬಗ್ಗೆ ಅವಳಿಗೆ ಅನ್ನಿಸುತ್ತಿತ್ತು.

ಕಾಲೇಜು ಮುಗಿಯಿತು, ಮೈಸೂರಿನಲ್ಲಿ ಎಂ.ಎಸ್ಸಿ. ಆಯಿತು, ಕಡೂರಿನಲ್ಲಿ ಕೆಲಸ ಸಿಕ್ಕಿತು. ತ್ರಿಕೋನ ಸಿಗಲಿಲ್ಲ. ವರ್ಷಕ್ಕೊಂದು ಕಾಗದ ಬರೆಯುತ್ತಿದ್ದಳು: ಈ ವರ್ಷವೂ ಸಿಗಲಿಲ್ಲ ಟೀಚರ್. ಪ್ರತಿ ಸಲವೂ ಒಂದು ಕಾರ್ಡಿನಲ್ಲಿ ಒಂದೇ ಸಾಲಿನ ಉತ್ತರ ಬರುತ್ತಿತ್ತು: ಇದೆ. ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಈ ಬೇಸಿಗೆಯಲ್ಲಿ ಉಪನ್ಯಾಸಕರ ತರಬೇತಿಗೆಂದು ಬೆಂಗಳೂರಿಗೆ ಹೋದವಳು ಅಲ್ಲಿನ ಲೈಬ್ರರಿಯಲ್ಲಿ ಹೊರದೇಶದ ಹೊಸ ಪುಸ್ತಕವೊಂದನ್ನು ಸುಮ್ಮನೆ ತೆರೆದಳು. ಮೊದಲ ಕೆಲವು ಪುಟಗಳಲ್ಲೇ ಒಂದು ತ್ರಿಕೋನದ ಚಿತ್ರ. ಬಾಹುಗಳ ಪಕ್ಕದಲ್ಲಿ ಅಂಕಿಗಳ ಉದ್ದನೆಯ ಸರಪಳಿ, ಗೂಡ್ಸ್ ಗಾಡಿಯಂತೆ ಮುಗಿಯದೆ ಹೋಗುವಂಥದ್ದು. ಕೆಳಗೆ ವಿಸ್ತೀರ್ಣ: ನೂರ ಐವತ್ತೇಳು. ಟೀಚರು ಎಳೆಯುತ್ತಿದ್ದ ಅದೇ ರೇಖೆಯ ಮೇಲೆ ಯಾರೋ ಕಂಪ್ಯೂಟರ್ ಇಟ್ಟುಕೊಂಡು ಮೊದಲನೆಯ ಬಿಂದುವನ್ನು ಹಿಡಿದಿದ್ದರು. ಕೈಯಿಂದ ಹುಡುಕಿದ್ದರೆ ನೂರು ಜನ್ಮಕ್ಕೂ ಸಿಗುವಂಥದ್ದಲ್ಲ ಅದು. ಉಚ್ಚಂಗಮ್ಮ ನಿಂತಲ್ಲೇ ಅತ್ತಳು. ಲೈಬ್ರರಿಯ ಅಟೆಂಡರು ಏನೂ ಕೇಳದೆ ಒಂದು ಸ್ಟೂಲು ತಂದಿಟ್ಟು, ಫ್ಯಾನನ್ನು ಅವಳ ಕಡೆಗೆ ತಿರುಗಿಸಿ ಹೋದ.

ಬರೆದುಕೊಳ್ಳಲಿಲ್ಲ. ಟೀಚರು ಎಂದೂ ಕಾಗದ ನೋಡಿ ಹಲಗೆಯ ಮೇಲೆ ಬರೆದವರಲ್ಲ. ಅವರ ಎದುರಿಗೆ, ಅವರ ಹಲಗೆಯ ಮೇಲೆ, ತಾನೂ ನೋಡದೆ ಬರೆಯಬೇಕು ಎಂದು ಬಾಯಿಪಾಠ ಮಾಡಿದಳು. ಕಡೂರಿಗೆ ಹಿಂತಿರುಗಿದ ಮೇಲೆ, ಅಜ್ಜಂಪುರಕ್ಕೆ ಹೋಗುವವರೊಬ್ಬರ ಕೈಯಲ್ಲಿ ಇಷ್ಟೇ ಹೇಳಿ ಕಳಿಸಿದ್ದಳು: ಭಾನುವಾರ ಬರ್ತೀನಿ, ಸಮಾಚಾರ ಇದೆ.

*

ಬುಕ್ಕಾಂಬುಧಿಯ ದಾರಿಯಲ್ಲಿದ್ದ ಮನೆತನದ ಹೊಲದಲ್ಲಿ ಗುಂಡಿ ಸಿದ್ಧವಾಗಿತ್ತು. ಮಧ್ಯಾಹ್ನದ ಬಿಸಿಲು ಸ್ವಲ್ಪ ಇಳಿದಿತ್ತು. ಟೀಚರನ್ನು ಮೆಲ್ಲಗೆ ಇಳಿಸಿ ಮುಕ್ಕೋನದ ಗೂಡಿನಲ್ಲಿ ಕೂರಿಸಿದರು. ಮನೆಯವರು ವಿಭೂತಿ, ಪತ್ರೆ ಹಾಕಿದ್ದಾದ ಮೇಲೆ ಗಂಗಾಧರಯ್ಯನವರು ಸುತ್ತ ನೋಡಿ, "ಇನ್ಯಾರಾದ್ರೂ ಪತ್ರೆ ಹಾಕೋರಿದ್ರೆ ಬರ್ರವ್ವ" ಎಂದರು.

ಕರಿಬಸಮ್ಮ ಮುಂದೆ ಹೋದಳು. ಪತ್ರೆ ಹಾಕಿದಳು. ಇನ್ನೇನು ತಿರುಗಬೇಕು, ನಿಂತಳು.

"ಮೂರು" ಎಂದಳು. "ಯೆಸ್ ಟೀಚರ್."

ಗಂಗಾಧರಯ್ಯನವರು ಹುಬ್ಬು ಗಂಟಿಕ್ಕಿದರು. "ಏನವ್ವ ಅದು?"

"ಹಾಜರಿ ಅಯ್ನೋರೆ" ಎಂದರು ಸೋಮಶೇಖರಪ್ಪ. "ಅಕ್ಕ ಕ್ಲಾಸಲ್ಲಿ ಹಿಂಗೇ ತಗೋತಿದ್ಲು. ಕೊಡ್ಲಿ ಬಿಡಿ."

ಅಯ್ಯನವರು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು.

ಹುಲಿಗೆಮ್ಮ ಬಂದಳು. "ಆರು. ಯೆಸ್ ಟೀಚರ್." ಆಮೇಲೆ ಉಚ್ಚಂಗಮ್ಮನಿಗೆ ಪರಿಚಯವೇ ಇಲ್ಲದ ಹೆಂಗಸರು, ಅವಳಿಗಿಂತ ಹಿಂದಿನ ವರ್ಷಗಳವರು, ಮುಂದಿನವರು, ಕಂಕುಳಲ್ಲಿ ಮಗು ಇದ್ದವರು, ಕೂದಲು ನರೆಯುತ್ತಿದ್ದವರು. ಹದಿಮೂರು. ಇಪ್ಪತ್ತೊಂದು. ಹತ್ತು. ಮತ್ತೊಂದು ಹದಿಮೂರು. ಕೆಲವರ ದನಿ ಕೇಳಿಸುತ್ತಿತ್ತು, ಕೆಲವರ ತುಟಿ ಮಾತ್ರ ಅಲುಗುತ್ತಿತ್ತು. ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ತ್ರಿಕೋನ ಇದ್ದವರೂ ಬಂದರು, ಇಲ್ಲದವರೂ ಬಂದರು.

ಕೊನೆಗೆ ಉಚ್ಚಂಗಮ್ಮ ಹೋಗಿ ಮಣ್ಣಿನ ಅಂಚಿನಲ್ಲಿ ಮೊಣಕಾಲೂರಿದಳು. ಪತ್ರೆ ಹಾಕಿದಳು.

"ನೂರ ಐವತ್ತೇಳು. ಯೆಸ್ ಟೀಚರ್."

ಇನ್ನೂ ಬಾಗಿ, ಗೂಡಿನ ಒಳಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಸಿಕ್ತು" ಎಂದಳು.

ಎದ್ದು ತಿರುಗಿದಾಗ ಹಿಂದೆಯೇ ಶಿವಮೂರ್ತಪ್ಪ ನಿಂತಿದ್ದರು, ಕೈಯಲ್ಲಿ ಒಂದು ಹಿಡಿ ಮಣ್ಣು ಹಿಡಿದುಕೊಂಡು.

"ಏನಂದ್ಯವ್ವ?"

"ಸಿಕ್ತು ಅಂದೆ. ಇತ್ತು. ಟೀಚರು ಹೇಳಿದ್ದೇ ಸರಿ."

ಶಿವಮೂರ್ತಪ್ಪ, ದೊಡ್ಡವರ ಮುಂದೆ ಹೋಗುವವರಂತೆ, ಹೆಗಲ ಮೇಲಿದ್ದ ವಲ್ಲಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗುಂಡಿಯ ಕಡೆ ನಡೆದರು.

*

ಮಣ್ಣು ಮಾಡಿ ಬಂದವರು ಕಾಲು ತೊಳೆದು, ನಡುಮನೆಯಲ್ಲಿ ಹಚ್ಚಿಟ್ಟ ದೀಪ ನೋಡಿ, ಒಬ್ಬೊಬ್ಬರಾಗಿ ಹೊರಟರು. ಸಾವಿನ ಮನೆಯಲ್ಲಿ ಬರ್ತೀನಿ ಎಂದು ಹೇಳಿ ಹೊರಡುವಂತಿಲ್ಲ. ಎದ್ದು ಸುಮ್ಮನೆ ಹೋಗುವುದು.

ಉಚ್ಚಂಗಮ್ಮನೂ ದೀಪ ನೋಡಿದಳು. ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು. ಕಾಲು ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಯಿತು. ಜಗಲಿಯ ಮೇಲೆ ಕಾಶಮ್ಮ ಒಬ್ಬರೇ ಕೂತಿದ್ದರು, ಟೀಚರ ಕುರ್ಚಿಯಲ್ಲಿ ಅಲ್ಲ, ಅದರ ಪಕ್ಕದಲ್ಲಿ ನೆಲದ ಮೇಲೆ.

"ಮಣ್ಣು ಮಾಡೋವಾಗ ಸಿಕ್ತು ಅಂದ್ಯಂತೆ" ಎಂದರು.

"ಹೂಂ ಕಾಶಕ್ಕ. ಅದನ್ನ ಹೇಳೋಕೇ ಬಂದಿದ್ದು." ಬೆಳಗಿನಿಂದ ಹಿಡಿದಿಟ್ಟದ್ದು ಆಗ ಹೊರಬಂತು. "ಒಂದೇ ಒಂದು ದಿನ ಮುಂಚೆ ಬಂದಿದ್ರೆ ಆಗ್ತಿತ್ತು. ಗೊತ್ತಾಗದೇ ಹೋಗ್ಬಿಟ್ರು."

"ಗೊತ್ತಿತ್ತು ಬಿಡು ಅಕ್ಕಂಗೆ."

ಉಚ್ಚಂಗಮ್ಮ ತಲೆಯೆತ್ತಿದಳು.

"ಭಾನುವಾರ ಬತ್ತೀನಿ, ಸಮಾಚಾರ ಐತೆ ಅಂತ ಹೇಳಿ ಕಳ್ಸಿದ್ಯಲ್ಲ, ಅದನ್ನ ಕೇಳ್ದೋಳೆ ಇಲ್ಲೇ ಕೂತ್ಕಂಡು ಒಬ್ಳೇ ನಗ್ತಾ ಇದ್ಲು. ಏನಕ್ಕ ಅಂದೆ. ಸಿಕ್ಕೈತೆ ಕಣೆ ಕಾಶಿ ಅಂದ್ಲು. ನಿಂಗೆಂಗೆ ಗೊತ್ತು, ಅವ್ಳೇನು ಹೇಳಿಲ್ವಲ್ಲ ಅಂದೆ. ಸಿಗದೇ ಇದ್ದಾಗೆಲ್ಲ ಕಾಗ್ದ ಬರೀತಾಳೆ, ಈ ಸಲ ಬತ್ತೀನಿ ಅಂದವ್ಳೆ, ಮುಖ ತೋರ್ಸೋಕೆ ಬತ್ತಾ ಇರೋದು ಅಂದ್ಲು. ನಿನ್ನೆ ಸಂಜೆ ನನ್ನ ಕೈಲಿ ಎರಡು ಸಲ ಹಲಗೆ ತಿಕ್ಕಿಸಿದ್ಲು. ಒಂದ್ಸಲ ಸಾಲ್ದು, ತುಂಬ ಬರೀಬೇಕಾಗುತ್ತೆ ಅವ್ಳು ಅಂತ."

ಕಾಶಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಡಬ್ಬಿಯಿಂದ ಒಂದು ಸೀಮೆಸುಣ್ಣ ತೆಗೆದು ಉಚ್ಚಂಗಮ್ಮನ ಮುಂದೆ ಹಿಡಿದರು.

"ಬರಿ. ಅದಕ್ಕೇ ತಿಕ್ಕಿರೋದು."

ಅವಳು ಬರೆದಳು. ಮೊದಲು ತ್ರಿಕೋನ, ಮೂಲೆಗೆ ಲಂಬಕೋನದ ಗುರುತು. ಆಮೇಲೆ ಅಂಕಿಗಳು, ರೈಲಿನ ಲಯದಲ್ಲಿ ಕಲಿತಂತೆಯೇ, ಮೂರುಮೂರಾಗಿ. ನಾಲ್ಕು ಒಂದು ಒಂದು, ಮೂರು ನಾಲ್ಕು ಸೊನ್ನೆ, ಐದು ಒಂದು ಒಂಬತ್ತು. ಎಲ್ಲೂ ತಡವರಿಸಲಿಲ್ಲ. ಕರ್ಣದ ಅಂಕಿಗಳು ಹಲಗೆಯ ಅಂಚಿಗೆ ಬಂದು ಕೆಳಗಿನ ಸಾಲಿಗೆ ಇಳಿದವು.

ಕಾಶಮ್ಮ ಎದ್ದು ಬಂದು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. "ಶಿವನೇ, ಇಷ್ಟುದ್ದ ಇತ್ತಾ? ಇದನ್ನ ಇಬ್ರೂ ಈ ಚೋಟುದ್ದದ ಸುಣ್ಣದ ಕಡ್ಡೀಲಿ ಹುಡುಕ್ತಿದ್ರಾ?" ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಹಂಗಾರೆ ಮುಗೀತಾ ಇದು?"

"ನಂದು ಮುಗೀತು. ಟೀಚರದು ಮುಗಿದಿಲ್ಲ. ಐದು, ಆರು, ಏಳು ಉಳಿದ್ರೆ ಯಾಕೆ ಯಾವಾಗ್ಲೂ ಸಿಗುತ್ತೆ ಅನ್ನೋದು ಇನ್ನೂ ಯಾರಿಗೂ ಗೊತ್ತಿಲ್ಲ."

"ಅಮೇರಿಕದೋರಿಗೂ?"

"ಅವರಿಗೂ ಗೊತ್ತಿಲ್ಲ ಕಾಶಕ್ಕ."

ಕಾಶಮ್ಮನ ಮುಖ ಬೆಳಗಿನಿಂದ ಮೊದಲ ಬಾರಿಗೆ ಸಡಿಲವಾಯಿತು. "ಯಜಮಾನ್ರು ಬೇಲಿ ಕಿತ್ತು ಗೋಡೆ ಹಾಕಿಸ್ಬೇಕು ಅಂತಿದ್ರು. ಬ್ಯಾಡ ಅಂತೀನಿ. ತೊಂಡೆ ಬಳ್ಳಿ ಇರ್ಲಿ. ನೀನು ಭಾನುವಾರ ಬತ್ತಿರು."

ಒಳಗೆ ಹೋದರು. ಉಚ್ಚಂಗಮ್ಮ ಕೈಗೆ ಅಂಟಿದ ಸುಣ್ಣವನ್ನು ಕೊಡವಿಕೊಂಡು, ಚೀಲ ಎತ್ತಿಕೊಂಡು, ಹೇಳದೆ ಹೊರಡಲು ಹಿತ್ತಿಲ ಬಾಗಿಲ ಕಡೆ ತಿರುಗಿದಳು. ಎರಡು ಹೆಜ್ಜೆ ಹೋದವಳು ನಿಂತು, ಒಳಗಿನಿಂದಲೇ, ಅಡುಗೆಮನೆ ದಾಟಿ, ನಡುಮನೆಯ ದೀಪದ ಪಕ್ಕದಿಂದ ಮುಂಬಾಗಿಲಿಗೆ ಬಂದಳು.

ಹೊಸಿಲ ಹತ್ತಿರ ಕಾಶಮ್ಮ ಕಾದಿದ್ದರು. ಕೈಯಲ್ಲಿ ಟೀಚರ ಎರಡು ಅಂತಸ್ತಿನ ಕ್ಯಾರಿಯರ್.

"ಬೆಳಗಿಂದ ಏನೂ ತಿಂದಿಲ್ಲ ನೀನು. ರೊಟ್ಟಿ ತೀರ್ಥಮ್ಮನ ಮನೇದು, ಬಿಸಿ ಐತೆ. ಮೇಲಿನ ಡಬ್ಬೀಲಿ ಹುಚ್ಚೆಳ್ಳು ಚಟ್ನಿಪುಡಿ ಇಟ್ಟಿದೀನಿ."

ಉಚ್ಚಂಗಮ್ಮ ಅವರ ಮುಖ ನೋಡಿದಳು. "ನಂಗೆ ಇಷ್ಟ ಅಂತ ಟೀಚರು ಹೇಳಿದ್ರಾ?"

"ಅಕ್ಕ ಏನೂ ಹೇಳ್ಲಿಲ್ಲ" ಎಂದರು ಕಾಶಮ್ಮ. "ಡಬ್ಬಿ ತೊಳೀತಿದ್ದೋಳು ನಾನಲ್ವಾ. ಮೂಲೆಮೂಲೇಲೂ ನಿನ್ನ ಬೆರಳಿನ ಗುರುತು ಇರ್ತಿತ್ತು."

ಕ್ಯಾರಿಯರಿನ ಹಿಡಿಯನ್ನು ಅವಳ ಅಂಗೈಯಲ್ಲಿಟ್ಟು, ಸುಣ್ಣ ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.